ಹತ್ತು ನಿಮಿಷ ಕಾಯಿಸಿದ ಕಾರು

ಜಪಾನಿಗೆ ಹೋಗಿಬಂದೆ ಎಂದರೆ ಕಲಬುರಗಿಯಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಏನು ತಿಂದಿರಿ, ಅಲ್ಲಿಯ ರೈಲು ನಿಜವಾಗಿಯೂ ಅಷ್ಟು ಜೋರು ಓಡುತ್ತದೆಯೇ. ಮೊದಲನೆಯದಕ್ಕೆ ನನ್ನ ಉತ್ತರ ಬಾಳೆಹಣ್ಣು. ಎರಡನೆಯದಕ್ಕೆ ಹೌದು. ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕಮಲಾಪುರದ ಒಬ್ಬ ಹೆಣ್ಣುಮಗಳ ಹೊರತು ಯಾರೂ ಕೇಳಲಿಲ್ಲ. ಅವರಿಗೂ ನಾನು ಕೂಡಲೇ ಉತ್ತರ ಕೊಡಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬ್ರಹ್ಮಪುರ

ನಾನು ಇಲ್ಲಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಅಧ್ಯಾಪಕ. ಮನೆ ಬ್ರಹ್ಮಪುರದಲ್ಲಿ. ಮನೆಯೊಳಗೆ ಅರ್ಧ ಮರಾಠಿ ಅರ್ಧ ಕನ್ನಡ, ಹೊರಗೆ ಬಂದರೆ ಎಲ್ಲ ಭಾಷೆಯೂ ಒಂದಿಷ್ಟು. ನಮ್ಮ ಓಣಿಗೆ ಮೂರು ದಿನಕ್ಕೊಮ್ಮೆ ನಳದ ನೀರು. ನಳ ನಿಂತ ಮೇಲೂ ನನ್ನ ಹೆಂಡತಿ ನಳದ ಗುಂಡಿಗಿಳಿದು, ಪೈಪಿನ ಬಾಯಿ ಬಗ್ಗಿಸಿ, ಅದರಲ್ಲಿ ಉಳಿದ ಒಂದು ಕೊಡ ನೀರನ್ನು ಹಿಡಿಯುತ್ತಾಳೆ. ಮೇಲಿಂದ ಬರುವುದು ನಿಂತಿತೆಂದರೆ ಪೈಪು ಖಾಲಿಯಾಯಿತೆಂದು ಅರ್ಥವಲ್ಲ. ಇದು ನಮ್ಮ ಓಣಿಯ ಎಲ್ಲ ಹೆಂಗಸರಿಗೂ ಗೊತ್ತು. ಎಲೆಕ್ಟ್ರಿಕಲ್ ಡಿಗ್ರಿ ಇದ್ದ ನನಗೆ ಗೊತ್ತಾಗಲು ಜಪಾನಿಗೆ ಹೋಗಬೇಕಾಯಿತು.

ನಮ್ಮ ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಖಾಜಾ ಮಾಸ್ತರರು. ಕಮಲಾಪುರದವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಯಾವ ಸುರುಳಿ ಹೋಗಿದೆ ಎಂದು ಹೇಳಬಲ್ಲವರು. ಹನ್ನೊಂದು ವರ್ಷ ನಮ್ಮಿಬ್ಬರ ಕೆಲಸದ ರೀತಿ ಒಂದೇ ಆಗಿತ್ತು. ಅವರು ಮಷೀನಿನೊಳಗೆ ತಲೆ ಹಾಕುತ್ತಾರೆ, ನಾನು ಗೋಡೆಯ ಮೇನ್ ಸ್ವಿಚ್ಚಿನ ಬಳಿ ನಿಲ್ಲುತ್ತೇನೆ. ಅವರು ತಲೆ ಎತ್ತದೆ, "ಬಂದ್ ಆಗ್ಯಾದೇನ್ರಿ ಸರ್?" ಎನ್ನುತ್ತಾರೆ. ನಾನು "ಆಗ್ಯಾದ, ಕೈ ಹಾಕ್ರಿ" ಎನ್ನುತ್ತೇನೆ. ಅವರು ಕೈ ಹಾಕುತ್ತಾರೆ. ಅಷ್ಟೆ.

ಒಂದು ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಅಲ್ಲೇ ಮೊಳೆಗೆ ತೂಗಾಡುತ್ತಿರುತ್ತದೆ. ಕರೆಂಟು ಇದೆಯೋ ಇಲ್ಲವೋ ಎಂದು ಅದನ್ನು ಹಚ್ಚಿ ನೋಡಬಹುದು. ಯಾರೂ ನೋಡುವುದಿಲ್ಲ. ಸ್ವಿಚ್ಚಿನ ಬಳಿ ನಿಂತವನು ಬಂದ್ ಎಂದ ಮೇಲೆ ಆ ಬಲ್ಬಿಗೆ ಕೈ ಹಾಕಿದರೆ ಅವನ ಮಾತು ಸುಳ್ಳು ಎಂದಂತಾಗುತ್ತದೆ. ನಮ್ಮ ಕಡೆಯ ಗಿರಣಿಗಳಲ್ಲಿ, ಪಂಪ್‌ಸೆಟ್ಟುಗಳಲ್ಲಿ, ಗಂಜ್ ಮಾರುಕಟ್ಟೆಯ ದಾಲ್‌ಮಿಲ್ಲುಗಳಲ್ಲಿ ಎಲ್ಲ ಕಡೆಯೂ ಹೀಗೇ. ಮಾತು ನಂಬಿ ಕೈ ಹಾಕುವುದೇ ಮರ್ಯಾದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಪೆಟ್ರೋಲಿನ ಜೊತೆ ವಿದ್ಯುತ್ತಿನಿಂದಲೂ ಓಡುವ ಹೈಬ್ರಿಡ್ ಕಾರು ಬಂದಿದೆ, ಅದರ ವಿದ್ಯೆ ಕಲಿಸುತ್ತಾರೆ, ಒಬ್ಬ ಅಧ್ಯಾಪಕ ಮತ್ತು ಒಬ್ಬ ಇನ್‌ಸ್ಟ್ರಕ್ಟರ್ ನಾಲ್ಕು ವಾರಕ್ಕೆ ಬರಲಿ ಎಂದು ಜಪಾನಿನ ಒಂದು ತರಬೇತಿ ಕೇಂದ್ರದಿಂದ ಕಾಗದ ಬಂತು. ಸ್ಟಾರ್ಟ್ ಮಾಡಲು ನಾಲ್ಕು ಜನ ತಳ್ಳಬೇಕಾದ ಜೀಪೊಂದೇ ನಮ್ಮ ಕಾಲೇಜಿನ ವಾಹನ. ಆದರೂ ಹೆಸರು ಹೋಯಿತು, ಹೊರಟೆವು.

ಬೇಳೆ

ಬರಿಗೈಲಿ ಹೋಗಬಾರದೆಂದು ಖಾಜಾ ಮಾಸ್ತರರು ನೆಹರು ಗಂಜಿಗೆ ಹೋಗಿ ಎರಡು ಕಿಲೋ ತೊಗರಿಬೇಳೆ ತಂದರು. ಕಲಿಸುವ ಗುರುವಿಗೆ ಕಲಬುರಗಿಯವರು ಇನ್ನೇನು ಕೊಟ್ಟಾರು ಎಂಬುದು ಅವರ ವಾದ. ಜಪಾನಿನ ವಿಮಾನ ನಿಲ್ದಾಣದಲ್ಲಿ ಬಿಳಿ ಕೈಗವಸು ತೊಟ್ಟ ಅಧಿಕಾರಿ ಆ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಒಂದು ಕಾಳು ಎತ್ತಿ, ಬೆಳಕಿಗೆ ಹಿಡಿದು, ಒಂದು ಪುಸ್ತಕ ತೆರೆದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಪುಸ್ತಕ ಓದಿದರು. ನಾನು ಸಾರು, ಅನ್ನ, ಊಟ ಎಂದು ಕೈಸನ್ನೆ ಮಾಡಿದೆ. ಅವರು ನನ್ನನ್ನು ನೋಡಿ ತಲೆಬಾಗಿದರು, ಮತ್ತೆ ಪುಸ್ತಕ ಓದಿದರು. ಸುಮಾರು ಒಂದು ಗಂಟೆಯ ನಂತರ ಬೇಳೆಯನ್ನು ನಮಗೇ ಕೊಟ್ಟು, ತಡವಾದದ್ದಕ್ಕೆ ಕ್ಷಮೆ ಕೇಳಿದರು. ನಮಗಾಗಿ ಕಾದಿದ್ದ ಬಸ್ಸು ಅಷ್ಟರಲ್ಲಿ ಹೋಗಿತ್ತು. ಈ ದೇಶದಲ್ಲಿ ಸಿಟ್ಟು ಮಾಡಿಕೊಳ್ಳಲು ಯಾರೂ ಅವಕಾಶವನ್ನೇ ಕೊಡುವುದಿಲ್ಲವೆಂದು ಅಂದೇ ಹೊಳೆಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮುಂದಿನ ಪಯಣ ರೈಲಿನಲ್ಲಿ. ಹಸಿವಾಗಿ ಖಾಜಾ ಮಾಸ್ತರರು ಊರಿನಿಂದ ತಂದ, ಒಣಗಿ ಗರಿಗರಿಯಾದ ಕಟಕ ರೊಟ್ಟಿ ಮುರಿದರು. ನಮ್ಮ ಪ್ಯಾಸೆಂಜರ್ ಗಾಡಿಯಲ್ಲಿ ಯಾರ ಕಿವಿಗೂ ಬೀಳದ ಸದ್ದು ಅಲ್ಲಿ ಹಂಚು ಒಡೆದಂತೆ ಕೇಳಿತು. ಬೋಗಿಯ ಅಷ್ಟೂ ಜನ ಒಮ್ಮೆ ತಿರುಗಿ, ಮರುಕ್ಷಣವೇ ತಿರುಗಿಲ್ಲವೆಂಬಂತೆ ಕುಳಿತರು. ಮಾಸ್ತರರು ಉಳಿದ ರೊಟ್ಟಿಯನ್ನು ಬಾಯಿಯಲ್ಲಿ ನೆನೆಸಿ ನೆನೆಸಿ ತಿಂದರು. ನಾನು ಸಸ್ಯಾಹಾರಿ, ಅವರಿಗೆ ಹಲಾಲ್ ಬೇಕು. ಇಬ್ಬರಿಗೂ ನಡೆಯುವುದೆಂದರೆ ಅನ್ನ, ತಂದಿದ್ದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮತ್ತು ಒಂದೊಂದಕ್ಕೂ ಬೇರೆ ಬೇರೆ ಪ್ಲಾಸ್ಟಿಕ್ ಅಂಗಿ ತೊಡಿಸಿದ ಬಾಳೆಹಣ್ಣು. ಕಮಲಾಪುರದ ಕೆಂಬಾಳೆ ತಿಂದು ಬೆಳೆದ ಮಾಸ್ತರರು ಪ್ರತಿ ಸಲ ಸುಲಿಯುವಾಗಲೂ ಅದರ ಬಣ್ಣಕ್ಕೊಂದು ಬೈಗುಳ ಹೇಳಿಯೇ ತಿನ್ನುತ್ತಿದ್ದರು.

ಬೆರಳು

ನಮ್ಮ ಗುರುವಿನ ಹೆಸರು ಮೊರಿತಾ. ಐವತ್ತು ದಾಟಿದ, ಒಣಕಲು ಮೈಯ, ಟೊಪ್ಪಿಗೆ ಹಾಕಿದ ಮನುಷ್ಯ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಪದಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಿತ್ತು. ಉಳಿದದ್ದನ್ನು ಚಿತ್ರ ಬರೆದು ತೋರಿಸುತ್ತಿದ್ದರು. ಬೇಳೆ ಕೊಟ್ಟಾಗ ಎರಡೂ ಕೈಯಲ್ಲಿ ಇಸಿದುಕೊಂಡು, ಗಾಜಿನ ಭರಣಿಗೆ ಸುರಿದು, ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು. ಅದನ್ನು ಬೇಯಿಸಬೇಕೆಂದು ಅವರಿಗೆ ತಿಳಿಸುವಷ್ಟರಲ್ಲಿ ನಾಲ್ಕು ವಾರ ಮುಗಿದುಹೋಯಿತು.

ಅವರದೊಂದು ಹುಚ್ಚು ಪದ್ಧತಿ. ಏನು ಮಾಡುವ ಮೊದಲೂ ಅದರತ್ತ ಬೆರಳು ತೋರಿಸಿ ಗಟ್ಟಿಯಾಗಿ ಹೇಳಬೇಕು. ಕೀಲಿ ತೆಗೆದಿದೆ, ಎಂದು ಕೀಲಿಯತ್ತ ಬೆರಳು. ಕೈಗವಸಿನಲ್ಲಿ ತೂತಿಲ್ಲ, ಎಂದು ಕೈಗವಸಿನತ್ತ ಬೆರಳು. ಅದಕ್ಕೆ ಮೊದಲು ಆ ರಬ್ಬರ್ ಕೈಗವಸನ್ನು ಸುತ್ತಿ, ಗಾಳಿ ತುಂಬಿಸಿ, ಕೆನ್ನೆಗೆ ಹಿಡಿದು ಸೋರುತ್ತದೆಯೇ ಎಂದು ನೋಡಬೇಕು. ಅಲ್ಲಿಯ ರೈಲು ಡ್ರೈವರುಗಳೂ ಖಾಲಿ ಕ್ಯಾಬಿನ್ನಿನಲ್ಲಿ ತಮ್ಮಷ್ಟಕ್ಕೆ ಸಿಗ್ನಲಿಗೆ ಬೆರಳು ತೋರಿಸಿ ಮಾತಾಡುವುದನ್ನು ಕಂಡಿದ್ದೇನೆ. ನಮ್ಮ ಶರಣಬಸವೇಶ್ವರ ಗುಡಿಯ ಮುಂದೆ ಯಾರಾದರೂ ಹೀಗೆ ಮಾಡಿದರೆ ಅವರ ಮನೆಯವರನ್ನು ಕರೆಸುತ್ತಾರೆ.

ನಲವತ್ತು ದಾಟಿದ ನಾನು, ವರ್ಷಕ್ಕೆ ನೂರು ಹುಡುಗರಿಗೆ ಪಾಠ ಹೇಳುವವನು, ಬಾಲವಾಡಿಯ ಮಗುವಿನಂತೆ ಬೆರಳು ಚಾಚಿ ನಿಂತೆ. ಖಾಜಾ ಮಾಸ್ತರರು ಮಾತ್ರ ಸಂತೋಷದಿಂದ ಕಲಿತರು. ಮೂರನೆಯ ದಿನದಿಂದ ಸಂಜೆ ಕೋಣೆಯಲ್ಲಿ ಬಾಳೆಹಣ್ಣಿಗೂ ಬೆರಳು ತೋರಿಸಿ, "ಹಣ್ಣ ಅದ. ಸಿಪ್ಪಿ ಅದ. ರುಚಿ ಇಲ್ಲ" ಎಂದು ಗಟ್ಟಿಯಾಗಿ ಹೇಳಿಯೇ ತಿನ್ನತೊಡಗಿದರು.

ಸದ್ದಿಲ್ಲದ ಕಾರು

ಕಾರನ್ನು ಮೊದಲು ಕಂಡದ್ದು ಎರಡನೆಯ ವಾರ. ಮೊರಿತಾ ನಮ್ಮನ್ನು ಕೂರಿಸಿಕೊಂಡು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಸ್ಟಾರ್ಟ್ ಆಗಲಿಲ್ಲವೆಂದು ನಾನು ಅಭ್ಯಾಸಬಲದಿಂದ ಕೆಳಗಿಳಿದು ತಳ್ಳಲು ಹೋದೆ. ಬಾಗಿಲು ತೆರೆದದ್ದೇ ತಡ, ಕಾರು ತನ್ನಷ್ಟಕ್ಕೆ ಚೀರತೊಡಗಿತು. ಅದು ಆಗಲೇ ಓಡಲು ತಯಾರಾಗಿ ನಿಂತಿತ್ತಂತೆ. ಸದ್ದಿಲ್ಲ, ನಡುಕವಿಲ್ಲ, ಹೊಗೆಯಿಲ್ಲ. ಬದುಕಿದೆಯೋ ಸತ್ತಿದೆಯೋ ಹೇಳದ ಯಂತ್ರವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅದರ ಒಳಗುಟ್ಟನ್ನು ಸರಳವಾಗಿ ಹೇಳುತ್ತೇನೆ. ಈ ಕಾರಿನಲ್ಲಿ ಪೆಟ್ರೋಲ್ ಇಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ, ಹಿಂದಿನ ಸೀಟಿನ ಬೆನ್ನಿಗೆ ದೊಡ್ಡ ಬ್ಯಾಟರಿಯೂ ಇದೆ. ಬ್ಯಾಟರಿ ಕೊಡುವುದು ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಮೋಟಾರಿಗೆ ಬೇಕಾದದ್ದು ಗಿರಣಿಯ ಮೋಟಾರಿಗೆ ಬೇಕಾದಂಥ ಮೂರು ಫೇಸಿನ ಕರೆಂಟು. ನಡುವೆ, ಇಂಜಿನ್ನಿನ ಪಕ್ಕದಲ್ಲಿ, ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದಾದ ಬೆಳ್ಳಿಬಣ್ಣದ ಡಬ್ಬಿ. ಅದೇ ಇನ್ವರ್ಟರು. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಅಂಚೆಚೀಟಿಯಷ್ಟು ಅಗಲದ ಸಿಲಿಕಾನ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ, ಕರೆಂಟನ್ನು ತುಂಡು ತುಂಡಾಗಿ ಕತ್ತರಿಸಿ, ಮೋಟಾರಿಗೆ ಬೇಕಾದ ಆಕಾರಕ್ಕೆ ಹೊಲಿದು ಕೊಡುತ್ತವೆ. ಕೊಡುವ ಮೊದಲು ಬ್ಯಾಟರಿಯ ಇನ್ನೂರು ವೋಲ್ಟನ್ನು ಐನೂರರ ತನಕ ಏರಿಸುತ್ತವೆ.

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಬ್ರೇಕು. ಕಮಲಾಪುರದ ಬಸ್ಸು ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಸುಟ್ಟ ವಾಸನೆ ಬರುತ್ತದಲ್ಲ, ಅದು ಡೀಸೆಲ್ ಸುಟ್ಟು ಗಳಿಸಿದ ವೇಗವನ್ನು ನಾವು ಬಿಸಿ ಮಾಡಿ ಗಾಳಿಗೆ ಬಿಡುವ ವಾಸನೆ. ಈ ಕಾರಿನಲ್ಲಿ ಬ್ರೇಕ್ ಒತ್ತಿದರೆ ಮೋಟಾರೇ ಡೈನಮೋ ಆಗುತ್ತದೆ. ಚಕ್ರದ ವೇಗ ಕರೆಂಟಾಗಿ, ಅದೇ ಬೆಳ್ಳಿ ಡಬ್ಬಿಯ ಮೂಲಕ ಹಿಂದಕ್ಕೆ ಹರಿದು ಬ್ಯಾಟರಿ ಸೇರುತ್ತದೆ. ಪರದೆಯ ಮೇಲೆ ಬಾಣದ ಗುರುತುಗಳು ಆಚೆಯಿಂದ ಈಚೆ, ಈಚೆಯಿಂದ ಆಚೆ ತಿರುಗುತ್ತಿರುತ್ತವೆ. ನಿಧಾನ ಹೋಗುವಾಗ ಮೋಟಾರು ಸಾಕು, ಏರುವಾಗ ಇಬ್ಬರೂ ಬೇಕು, ಸಿಗ್ನಲಿನಲ್ಲಿ ನಿಂತರೆ ಇಂಜಿನ್ ಬೇಡ. ಇದನ್ನೆಲ್ಲ ಡ್ರೈವರ್ ನಿರ್ಧರಿಸುವುದಿಲ್ಲ. ಆ ಡಬ್ಬಿಗೆ ಅಪ್ಪಣೆ ಕೊಡುವ ಕಂಪ್ಯೂಟರು ನಿರ್ಧರಿಸುತ್ತದೆ.

ಖಾಜಾ ಮಾಸ್ತರರು ಬಹಳ ಹೊತ್ತು ಬಾಣಗಳನ್ನು ನೋಡಿ, "ಕೊಟ್ಟದ್ದ ವಾಪಸ್ ಇಸ್ಕೊಳ್ಳೂ ಗಾಡಿ ಇದೊಂದ ನೋಡ್ರಿ ಸರ್. ನಮ್ಮ ಸೋದರತ್ತಿ ಹಂಗ" ಎಂದರು.

ಕುರ್ಚಿ

ಆ ಡಬ್ಬಿಯೊಳಗೆ ಕೆಪಾಸಿಟರುಗಳಿವೆ. ಅವು ವಿದ್ಯುತ್ತನ್ನು ಕ್ಷಣಮಾತ್ರಕ್ಕೆ ಹಿಡಿದಿಟ್ಟು, ಹರಿವು ಏರುಪೇರಾಗದಂತೆ ನೋಡಿಕೊಳ್ಳುವ ಪಾತ್ರೆಗಳು. ಕಾರು ಬಂದ್ ಮಾಡಿ, ಬ್ಯಾಟರಿಯ ಕಿತ್ತಳೆ ಬಣ್ಣದ ಪ್ಲಗ್ಗನ್ನು ಕಿತ್ತರೂ ಅವುಗಳಲ್ಲಿ ತುಂಬಿಕೊಂಡದ್ದು ಉಳಿದಿರುತ್ತದೆ. ನಿಧಾನವಾಗಿ ಸೋರಿ ಹೋಗುತ್ತದೆ. ಅದಕ್ಕಾಗಿ ಪ್ಲಗ್ ಕಿತ್ತ ಮೇಲೆ ಹತ್ತು ನಿಮಿಷ ಕಾಯಬೇಕು, ಆಮೇಲೆ ಮೀಟರ್ ಹಚ್ಚಿ ಸೊನ್ನೆ ಕಂಡರೆ ಮಾತ್ರ ಕೈ ಹಾಕಬೇಕು. ಇದು ಮೊರಿತಾ ಅವರ ನಿಯಮ.

ಕಾಯುವುದಕ್ಕೆಂದೇ ಅಲ್ಲಿ ಮೂರು ಕಬ್ಬಿಣದ ಕುರ್ಚಿಗಳಿದ್ದವು. ಮೂವರೂ ಗಡಿಯಾರದ ಮುಂದೆ ಸಾಲಾಗಿ ಕೂರಬೇಕು. ಮಾತಿಲ್ಲ, ಚಹಾ ಇಲ್ಲ. ದಿನಕ್ಕೆ ಐದಾರು ಸಲ ಕಾರು ಬಿಚ್ಚಿದರೆ ಐದಾರು ಸಲ ಕೂರಬೇಕು. ನಮ್ಮಲ್ಲಿ ಹತ್ತು ನಿಮಿಷ ಸುಮ್ಮನೆ ಕೂತವನನ್ನು ಆರಾಮಿಲ್ಲೇನು ಎಂದು ಕೇಳುತ್ತಾರೆ. ಒಮ್ಮೆ ಐದನೆಯ ನಿಮಿಷಕ್ಕೆ ನಾನು ಎದ್ದು, ಸಾಕು ಅಲ್ಲವೇ ಎಂಬಂತೆ ಕೈ ಆಡಿಸಿದೆ. ಮೊರಿತಾ ನನ್ನ ಕುರ್ಚಿಯತ್ತ ಬೆರಳು ತೋರಿಸಿದರು. ಕೂತೆ. ವಿದ್ಯುತ್ತನ್ನು ಕಲಿಯಲು ಸಾವಿರಾರು ಮೈಲಿ ಬಂದು ಗಡಿಯಾರ ನೋಡುವುದನ್ನು ಕಲಿಯುತ್ತಿದ್ದೇನೆ ಎಂದು ಮನೆಗೆ ಬರೆದ ಕಾಗದದಲ್ಲಿ ಬರೆದಿದ್ದೇನೆ. ಆ ಕಾಗದವನ್ನು ಹೆಂಡತಿ ಇನ್ನೂ ಇಟ್ಟುಕೊಂಡಿದ್ದಾಳೆ. ಹರಿದು ಹಾಕೆಂದರೆ ಕೇಳುವುದಿಲ್ಲ.

ಹನ್ನೊಂದನೆಯ ದಿನ

ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಹೆಂಗಸಿನಿಂದಲೇ ಸುರುವಾಗುತ್ತದೆ.

ಕಿಟಕಿಯಾಚೆ, ಎದುರು ಮನೆಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಹಾಸಿಗೆಯನ್ನು ಕಟಕಟೆಗೆ ಒಣಹಾಕಿ, ಬೆತ್ತದಿಂದ ಬಡಿಯುತ್ತಿದ್ದಳು. ಒಂದೇ ತಾಳ. ನಾನು ಅದನ್ನು ನೋಡುತ್ತ ನಿಂತಿದ್ದೆ. ಕಾರಿನ ಬಾನೆಟ್ಟು ತೆರೆದಿತ್ತು, ಬೆಳ್ಳಿ ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಕಿತ್ತಳೆ ಪ್ಲಗ್ಗು ನನ್ನ ಕೈಯಲ್ಲೇ ಇತ್ತು. ಕಿತ್ತವನು ನಾನೇ. ಆಗಷ್ಟೇ ಫೋನು ಬಂದು ಮೊರಿತಾ ಒಳಗೆ ಹೋಗಿದ್ದರು, ಹೋಗುವಾಗ ಕುರ್ಚಿಗಳತ್ತ ಬೆರಳು ತೋರಿಸಿಯೇ ಹೋಗಿದ್ದರು. ನಾನು ಬೇಕೆಂದೇ ಕೂರಲಿಲ್ಲ.

ಖಾಜಾ ಮಾಸ್ತರರು ಡಬ್ಬಿಯ ಮೇಲೆ ಬಗ್ಗಿದ್ದರು. ದಪ್ಪ ಕೈಗವಸಿನಲ್ಲಿ ಸಣ್ಣ ಬೋಲ್ಟು ಹಿಡಿತಕ್ಕೆ ಸಿಗುವುದಿಲ್ಲ, ಅದಕ್ಕೆ ಬಲಗೈಯ ಗವಸು ಬಿಚ್ಚಿ, ಬೋಲ್ಟು ತಿರುಗಿಸುವ ಪಾನಾ ಹಿಡಿದಿದ್ದರು. ತಲೆ ಎತ್ತದೆ, ಹನ್ನೊಂದು ವರ್ಷ ಕೇಳಿದ ಹಾಗೆಯೇ ಕೇಳಿದರು.

"ಬಂದ್ ಆಗ್ಯಾದೇನ್ರಿ ಸರ್?"

"ಆಗ್ಯಾದ, ಕೈ ಹಾಕ್ರಿ."

ಗಡಿಯಾರ ನೋಡಲಿಲ್ಲ. ಮೀಟರ್ ನೋಡಲಿಲ್ಲ. ಕಾರು ಸದ್ದು ಮಾಡುತ್ತಿರಲಿಲ್ಲ, ಪ್ಲಗ್ಗು ನನ್ನ ಕೈಯಲ್ಲಿತ್ತು, ಹಾಸಿಗೆ ಬಡಿಯುವ ಸದ್ದು ಬರುತ್ತಿತ್ತು. ಪ್ಲಗ್ ಕಿತ್ತು ಎರಡು ನಿಮಿಷವೂ ಆಗಿರಲಿಲ್ಲ.

ದೀಪಾವಳಿಯ ದೊಡ್ಡ ಪಟಾಕಿ ಕಿವಿಯ ಬಳಿ ಸಿಡಿದಂತಾಯಿತು. ನೀಲಿ ಬಿಳುಪಿನ ಬೆಳಕು. ಪಾನಾ ಹಾರಿ, ಗೋಡೆಗೆ ಬಡಿದು, ನೆಲದ ಮೇಲೆ ತಿರುಗುತ್ತ ನನ್ನ ಬೂಟಿನ ಬಳಿ ಬಂದು ನಿಂತಿತು. ಅದರ ಬಾಯಿಯ ಒಂದು ಮೂಲೆ ಕಚ್ಚಿ ತೆಗೆದಂತೆ ಕರಗಿಹೋಗಿತ್ತು. ಖಾಜಾ ಮಾಸ್ತರರು ನೆಲದ ಮೇಲೆ ಕೂತಿದ್ದರು. ಬಲಗೈಯನ್ನು ತಮ್ಮದಲ್ಲವೆಂಬಂತೆ ಎದುರಿಗೆ ಹಿಡಿದು ನೋಡುತ್ತಿದ್ದರು. ಪಾನಾ ಎರಡು ತುದಿಗಳಿಗೆ ಅಡ್ಡ ಬಿದ್ದು, ಉಳಿದಿದ್ದ ಕರೆಂಟನ್ನೆಲ್ಲ ತಾನೇ ಕುಡಿದಿತ್ತು. ಕೈ ಇನ್ನೆರಡು ಬೆರಳು ಮುಂದೆ ಹೋಗಿದ್ದರೆ ಅದು ಅವರ ಎದೆಯ ಮೂಲಕ ಹೋಗುತ್ತಿತ್ತು.

ಮೊರಿತಾ ಓಡಿಬಂದರು. ಕೂಗಾಡಲಿಲ್ಲ. ಮೊಣಕಾಲೂರಿ ಮಾಸ್ತರರ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಬ್ಬೆರಳ ಬಳಿ ಸಣ್ಣ ಸುಟ್ಟ ಗಾಯ, ಅಷ್ಟೇ. ನಾಡಿ ಹಿಡಿದು ಬಹಳ ಹೊತ್ತು ಹಾಗೇ ಕೂತರು. ಆಮೇಲೆ ಎದ್ದು, ಟೊಪ್ಪಿಗೆ ತೆಗೆದು, ಮಾಸ್ತರರ ಎದುರು ಸೊಂಟದ ತನಕ ಬಾಗಿದರು. ಬಿಟ್ಟು ಹೋದದ್ದು ತನ್ನ ತಪ್ಪೆಂದು. ಆ ಬಾಗಿದ ನರೆತ ತಲೆಯನ್ನು ನಾನು ನೋಡಲಾರದೆ ಹೋದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಮೊರಿತಾ ಇಂಗ್ಲಿಷಿನಲ್ಲಿದ್ದ ಅಪಘಾತ ವರದಿಯ ನಮೂನೆಯೊಂದನ್ನು ತಂದಿಟ್ಟರು. ಅದರಲ್ಲಿ ಒಂದು ಪ್ರಶ್ನೆ: ಕೈ ಹಾಕಬಹುದೆಂದು ಹೇಳಿದವರು ಯಾರು? ಮೊರಿತಾ ನಮ್ಮಿಬ್ಬರ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಖಾಜಾ ಮಾಸ್ತರರು ತಮ್ಮ ಎದೆ ಮುಟ್ಟಿಕೊಂಡು ಮೂರು ಸಲ "ಮೀ" ಎಂದರು.

ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ನಿಜ ಹೇಳಬೇಕೆಂದರೆ ನಾನು ತೆರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆಮೇಲಂತೂ ತೆರೆಯಲಿಲ್ಲ.

ಆ ರಾತ್ರಿ ಕೋಣೆಯಲ್ಲಿ ಯಾಕೆ ಹಾಗೆ ಹೇಳಿದಿರೆಂದು ಕೇಳಿದೆ. "ನೀವು ಅಧ್ಯಾಪಕ್ರು. ನಿಮ್ಮ ಹೆಸರಿಗೆ ಬಂದ್ರ ಕಾಲೇಜಿನ ಹೆಸರಿಗೆ ಬರ್ತದ. ನನ್ದೇನ್ರಿ, ಪಾನಾ ಹಿಡಿಯೂ ಮನಷ್ಯಾ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಮತ್ತೆ ಕಲಬುರಗಿ

ಬೋರ್ಡಿನ ಮೇಲೆ ಆಗಿನ್ನೂ ಗುಲಬರ್ಗಾ ಎಂದೇ ಇದ್ದ ಸ್ಟೇಶನ್ನಿನಲ್ಲಿ ಇಳಿದಾಗ ಕರೆಂಟಿರಲಿಲ್ಲ. ಮನಸ್ಸಿಗೆ ಸಮಾಧಾನವೆನಿಸಿತು. ಕಾಲೇಜಿನಲ್ಲಿ ಶಾಲು ಹೊದಿಸಿದರು. ಮಾಸ್ತರರು ತಮ್ಮ ಪಾನಾ ಹಾರಿದ ಕಥೆಯನ್ನು ತಾವೇ ಅಭಿನಯಿಸಿ ಹೇಳಿದರು. ಅದರಲ್ಲಿ ಅವರೇ ಹೆಡ್ಡ. ಸ್ಟಾಫೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ಆಮೇಲೆ ಜಪಾನಿನಿಂದ ವರದಿ ಬಂತು. ಇನ್‌ಸ್ಟ್ರಕ್ಟರ್ ಶ್ರದ್ಧಾವಂತರು, ಆದರೆ ಸುರಕ್ಷತೆಯ ನಿಯಮ ಪಾಲಿಸಲಿಲ್ಲ ಎಂದು ಒಂದೇ ಸಾಲು. ಪ್ರಿನ್ಸಿಪಾಲರಿಗೆ ಅಷ್ಟು ಸಾಕಾಯಿತು. ನಾಳೆ ಹುಡುಗರಿಗೆ ಏನಾದರೂ ಆದರೆ ಯಾರು ಜವಾಬ್ದಾರರು ಎಂದು ಹೇಳಿ ಖಾಜಾ ಮಾಸ್ತರರನ್ನು ಮಷೀನ್ ಲ್ಯಾಬಿನಿಂದ ತೆಗೆದು ಸ್ಟೋರಿಗೆ ಕೂರಿಸಿದರು. ಸುರುಳಿಯ ವಾಸನೆ ಹಿಡಿಯುತ್ತಿದ್ದ ಮನುಷ್ಯ ಪೊರಕೆ, ಚಾಕ್‌ಪೀಸ್ ಕೊಡುವ ಕೆಲಸಕ್ಕೆ ಬಂದರು. ನಾಲ್ಕು ತಿಂಗಳು. ನಾನು ಪ್ರತಿದಿನ ಸ್ಟೋರಿನ ಮುಂದೆಯೇ ಹಾದುಹೋಗುತ್ತಿದ್ದೆ. ನಾಳೆ ಪ್ರಿನ್ಸಿಪಾಲರಿಗೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ರಜೆ ಮುಗಿಯಲಿ ಎಂದುಕೊಂಡೆ. ಜಪಾನಿನ ಸಣ್ಣಪುಟ್ಟ ತಡಗಳಿಗೆ ಅಷ್ಟೊಂದು ಸಿಡಿಮಿಡಿಗೊಂಡವನಿಗೆ ತನ್ನ ನಾಲ್ಕು ತಿಂಗಳ ತಡ ಕಾಣಲಿಲ್ಲ.

ಕಮಲಾಪುರ

ಒಂದು ಭಾನುವಾರ ಮಾಸ್ತರರು ಊಟಕ್ಕೆ ಕರೆದರು. ಬಸ್ಸಿನಲ್ಲಿ ಹೋದೆ. ನನಗಾಗಿ ಬೇರೆ ಪಾತ್ರೆಯಲ್ಲಿ ಬೇಳೆ, ಬದನೆಕಾಯಿ ಪಲ್ಯ ಮಾಡಿಸಿದ್ದರು. ತಟ್ಟೆಯ ಪಕ್ಕ ಕೆಂಬಾಳೆಯ ಗೊನೆಯೇ ಇತ್ತು. ಅವರ ಹೆಂಡತಿ ಜುಬೇದಾ ಬಡಿಸುತ್ತ ಬಡಿಸುತ್ತ ನನ್ನನ್ನು ನೇರವಾಗಿ ಕೇಳಿದರು.

"ಇಪ್ಪತ್ತ ವರ್ಷದಾಗ ಇವ್ರ ಕೈಯಿಂದ ಒಂದ ಗಲತಿ ಆಗಿಲ್ರಿ ಸರ್. ಈಗ ಮಂದಿ ಇವ್ರಿಗೆ ಲಕ್ಷ್ಯ ಇಲ್ಲ ಅಂತಾರ. ನೀವು ಅಲ್ಲೇ ಇದ್ರಿ ಅಲ್ಲ? ಖರೇ ಏನಾತ್ರಿ?"

ಮೂರನೆಯ ಪ್ರಶ್ನೆ ಎಂದು ಮೊದಲಿಗೆ ಹೇಳಿದ್ದು ಇದನ್ನೇ. ನಾನು ಅನ್ನ ಕಲಸುತ್ತ, ಆಗಬಾರದ್ದು ಆಯಿತು ಎಂದಷ್ಟೇ ಹೇಳಿದೆ. ಮಾಸ್ತರರು ಹೆಂಡತಿಗೆ ಉಪ್ಪು ತರಲು ಹೇಳಿದರು. ಉಪ್ಪು ತಟ್ಟೆಯಲ್ಲೇ ಇತ್ತು.

ಊಟ ಮುಗಿಯುವಷ್ಟರಲ್ಲಿ ಪಕ್ಕದ ಗಿರಣಿಯಿಂದ ಮಾಸ್ತರರ ಅಣ್ಣ ಕರೆದರು. ಹಿಟ್ಟಿನ ಗಿರಣಿ ಅವರದೇ. ಮೋಟಾರು ಗುಂಯ್‌ಗುಟ್ಟುತ್ತಿದೆ, ತಿರುಗುತ್ತಿಲ್ಲ. ನಾವು ಹೋಗುವಷ್ಟರಲ್ಲಿ ಊರಿನ ಕರೆಂಟೂ ಹೋಯಿತು. ಜೋಳದ ಡಬ್ಬಿ ಹಿಡಿದು ಏಳೆಂಟು ಜನ ಕೂತಿದ್ದರು. ಕರೆಂಟು ಬರುವುದರೊಳಗೆ ರಿಪೇರಿ ಮುಗಿಸಬೇಕೆಂದು ಅಣ್ಣನ ಅವಸರ. ಮಾಸ್ತರರು ನನಗೆ ಗೋಡೆಯ ಮೇನ್ ಸ್ವಿಚ್ಚು ತೋರಿಸಿ, ಮೋಟಾರಿನ ಹಿಂದಿನ ಕತ್ತಲೆ ಮೂಲೆಗೆ ಹೋಗಿ ಬಗ್ಗಿದರು. ಅಲ್ಲಿ ಗೋಡೆಗೆ ಒಂದು ಬೂದುಬಣ್ಣದ ಡಬ್ಬಿ ಇತ್ತು. ಕರೆಂಟು ಪೋಲಾಗದಿರಲೆಂದು ದೊಡ್ಡ ಮೋಟಾರುಗಳಿಗೆ ಹಚ್ಚುವ ಕೆಪಾಸಿಟರು. ಅದೇ ಪಾತ್ರೆ, ಹಳ್ಳಿಯ ಅಂಗಿಯಲ್ಲಿ.

ನಾನು ಸ್ವಿಚ್ಚು ಎಳೆದೆ.

"ಬಂದ್ ಆಗ್ಯಾದೇನ್ರಿ ಸರ್?"

ನಾನು ಆ ಬೂದು ಡಬ್ಬಿಯನ್ನೇ ನೋಡುತ್ತಿದ್ದೆ. ಹೊರಗೆ ಯಾರೋ ಹಿಟ್ಟಿನ ಚೀಲವನ್ನು ಕಟ್ಟೆಗೆ ಬಡಿದು ಕೊಡವುತ್ತಿದ್ದರು. ಒಂದೇ ತಾಳ.

ಕರೆಂಟೇ ಇಲ್ಲದ ಮೇಲೆ ಬಂದ್ ಮಾಡುವುದೇನಿದೆ ಎಂದು ಅಣ್ಣ ಗೊಣಗಿದರು. ಮಾಸ್ತರರು ಇನ್ನೊಮ್ಮೆ ಕೇಳಿದರು. ಈ ಸಲ ತಲೆ ಎತ್ತಿದರು.

"ನನಗ ಗೊತ್ತಿಲ್ಲ. ಕೈ ಹಾಕಬ್ಯಾಡ್ರಿ" ಎಂದೆ. ಆಮೇಲೆ, ಅಷ್ಟೂ ಜನರ ಎದುರು, ಬಾಗಿಲಲ್ಲಿ ನಿಂತಿದ್ದ ಜುಬೇದಾ ಅವರನ್ನು ನೋಡಿಯೇ ಹೇಳಿದೆ: "ಅವತ್ತ ಆಗ್ಯಾದ ಅಂತ ಹೇಳಿದವ ನಾ. ಗಡಿಯಾರ ನೋಡದ ಹೇಳಿದೆ. ಮಾಸ್ತರದು ಏನೂ ಗಲತಿ ಇಲ್ಲ."

ಜೋಳದ ಡಬ್ಬಿಯ ಮೇಲೆ ಕೂತಿದ್ದ ಮುದುಕಿಯೊಬ್ಬಳು, ಈ ಸಾಹೇಬರದು ಯಾವುದೋ ಮನೆಯ ಜಗಳವಿರಬೇಕು ಎಂದು ಪಕ್ಕದವಳಿಗೆ ಹೇಳಿದಳು. ಖಾಜಾ ಮಾಸ್ತರರು ಎದ್ದು ಕೈ ಒರೆಸಿಕೊಂಡರು.

"ನನಗ ಗೊತ್ತದ್ರಿ ಸರ್" ಎಂದರು. "ಇಲ್ಲಿ ಜ್ವಾಳ ಬೀಸೂ ಮಂದಿಗಿ ಯಾಕ ಹೇಳ್ತೀರಿ. ನಾಳಿ ಸೋಮವಾರ ಅದ. ಪ್ರಿನ್ಸಿಪಾಲ್‌ಗ ಹೇಳ್ರಿ."

ಜುಬೇದಾ ಒಳಗೆ ಹೋಗಿ ಒಂದು ಕಬ್ಬಿಣದ ಕುರ್ಚಿ ತಂದು, ಸ್ವಿಚ್ಚಿನ ಕೆಳಗೆ ಸದ್ದಾಗುವಂತೆ ಇಟ್ಟು, "ಕೂಡ್ರಿ" ಎಂದರು. ಜಪಾನಿನ ಕುರ್ಚಿಗಳ ಕಥೆಯನ್ನು ಮಾಸ್ತರರು ಅವರಿಗೆ ಹೇಳಿದ್ದರು.

ಕೂತೆ. ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಕಮಲಾಪುರದ ಏಳೆಂಟು ಜನ ನನ್ನಿಂದಾಗಿ ಹತ್ತು ನಿಮಿಷ ಸುಮ್ಮನೆ ಕೂರಬೇಕಾಯಿತು. ಅವರೆಲ್ಲರ ಮುಖದಲ್ಲೂ ಮೊರಿತಾ ಅವರ ವರ್ಕ್‌ಶಾಪಿನಲ್ಲಿ ನನ್ನ ಮುಖ ಹೇಗಿದ್ದಿರಬೇಕೆಂಬುದು ಕಂಡಿತು. ಕರೆಂಟಿಲ್ಲದ ಗಿರಣಿಯಲ್ಲಿ ಕರೆಂಟು ಹೋಗಲೆಂದು ಕಾಯುವ ಜಾಣನನ್ನು ಇವತ್ತೇ ನೋಡಿದೆನೆಂದು ಒಬ್ಬ ಹೇಳಿದ. ಮುದುಕಿ ನಕ್ಕಳು. ಅಣ್ಣ ಎರಡು ಸಲ ಹೊರಗೆ ಹೋಗಿ ಬಂದರು.

ಹತ್ತು ನಿಮಿಷವಾದ ಮೇಲೆ ಎದ್ದು, "ಮಾಸ್ತರ, ಲ್ಯಾಂಪ್ ಹಚ್ಚಿ ನೋಡ್ರಿ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಹನ್ನೊಂದು ವರ್ಷದಲ್ಲಿ ನಾನು ಸ್ವಿಚ್ಚಿನ ಬಳಿ ನಿಂತಿದ್ದಾಗ ಅವರು ಟೆಸ್ಟ್ ಲ್ಯಾಂಪು ಮುಟ್ಟಿರಲಿಲ್ಲ. ಗಿರಣಿಯಲ್ಲೂ ಮೊಳೆಗೆ ತೂಗಾಡುತ್ತಿದ್ದ ಅಂಥದೇ ಬಲ್ಬು ತೆಗೆದು, ಎರಡು ತಂತಿಗಳನ್ನು ಬೂದು ಡಬ್ಬಿಯ ತುದಿಗಳಿಗೆ ಹಿಡಿದರು.

ಇಡೀ ಕಮಲಾಪುರದಲ್ಲಿ ಕರೆಂಟಿರಲಿಲ್ಲ. ಆ ಬಲ್ಬು ಒಮ್ಮೆ ಕೆಂಪಗೆ ಬೆಳಗಿ ಆರಿತು.

ತುಂಬಿಕೊಂಡದ್ದನ್ನು ತನ್ನಷ್ಟಕ್ಕೆ ಸೋರಿಸಬೇಕಾದ ಸಣ್ಣ ತಂತಿ ಅದರಲ್ಲಿ ಎಂದೋ ಸುಟ್ಟುಹೋಗಿತ್ತಂತೆ. ಹತ್ತು ನಿಮಿಷವಲ್ಲ, ಒಂದು ಗಂಟೆ ಕಾದಿದ್ದರೂ ಅದು ತುಂಬಿಕೊಂಡೇ ಇರುತ್ತಿತ್ತು. ಅಣ್ಣ ಮೆಲ್ಲಗೆ ಹೋಗಿ ಬಾಗಿಲ ಬಳಿ ನಿಂತರು. ಮಾಸ್ತರರು ಇನ್ನೊಮ್ಮೆ ತಂತಿ ಹಚ್ಚಿದರು, ಬಲ್ಬು ಬೆಳಗಲಿಲ್ಲ. ಆಮೇಲೆ ಡಬ್ಬಿಯತ್ತ ಬೆರಳು ತೋರಿಸಿ, ಗಟ್ಟಿಯಾಗಿ, ತಮಗೆ ತಾವೇ, "ಈಗ ಬಂದ್ ಆಗ್ಯಾದ" ಎಂದು ಹೇಳಿ ಕೈ ಹಾಕಿದರು. ಹೊರಗೆ ಚೀಲ ಬಡಿಯುವ ಸದ್ದು ನಡೆದೇ ಇತ್ತು. ಅವರು ಕೈ ಹೊರತೆಗೆಯುವವರೆಗೆ ನಾನು ಬೇರೆಲ್ಲಿಯೂ ನೋಡಲಿಲ್ಲ.

ಸೋಮವಾರ ಪ್ರಿನ್ಸಿಪಾಲರಿಗೆ ಹೇಳಿದೆ. ನಾಲ್ಕು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂದರು. ಪರೀಕ್ಷೆ, ರಜೆ ಎಂದು ಇಲ್ಲಿ ಬರೆದದ್ದನ್ನೇ ಅವರಿಗೂ ಹೇಳಿದೆ. ಖಾಜಾ ಮಾಸ್ತರರು ಲ್ಯಾಬಿಗೆ ಮರಳಿದರು. ಬಂದ ದಿನವೇ ಗಂಜಿನ ಅಂಗಡಿಯಿಂದ ಒಂದು ಹಿತ್ತಾಳೆಯ ಬೀಗ ತಂದು ಮೇನ್ ಸ್ವಿಚ್ಚಿಗೆ ಹಾಕಿದರು. ಈಗ ಅವರು ಸ್ವಿಚ್ಚು ತಾವೇ ಎಳೆದು, ಬೀಗ ತಾವೇ ಜಡಿದು, ಕೀಲಿಕೈ ಜೇಬಿಗೆ ಹಾಕಿಕೊಂಡು ಮಷೀನಿನೊಳಗೆ ತಲೆ ಹಾಕುತ್ತಾರೆ. ನಾನು ಅಭ್ಯಾಸಬಲದಿಂದ ಇನ್ನೂ ಗೋಡೆಯ ಬಳಿಯೇ ಹೋಗಿ ನಿಲ್ಲುತ್ತೇನೆ. ಅವರು ನನ್ನನ್ನು ಏನೂ ಕೇಳುವುದಿಲ್ಲ.